ನಳಿಗೆಯೊಳಗಿನ ತಾಮ್ರ

ಆಯುಧಪೂಜೆ ಬಂತೆಂದರೆ ಮೈಸೂರು, ಮಂಡ್ಯ ಕಡೆ ಲೈಸೆನ್ಸ್ ಇರುವ ಮನೆಗಳಲ್ಲಿ ಬಂದೂಕು ಫಳಫಳ ಹೊಳೆಯುತ್ತದೆ. ಮರಕ್ಕೆ ಎಣ್ಣೆ, ಕಬ್ಬಿಣಕ್ಕೆ ಎಣ್ಣೆ, ಮೇಲೊಂದು ಚೆಂಡು ಹೂವಿನ ಎಳೆ. ಅರಮನೆಯಲ್ಲೂ ಆ ದಿನ ಪಟ್ಟದ ಕತ್ತಿ ಮತ್ತು ಉಳಿದ ಆಯುಧಗಳು ಮೊದಲು ಕೋಡಿ ಸೋಮೇಶ್ವರ ದೇವಸ್ಥಾನಕ್ಕೆ ಹೋಗಿ ಶುದ್ಧಿಯಾಗಿ ಬರುತ್ತವೆ. ಪೂಜೆ ಏನಿದ್ದರೂ ಆಮೇಲೆ. ಈ ಕ್ರಮ ನನಗೆ ತುಂಬಾ ಇಷ್ಟ. ಆದರೆ ರೈಫಲ್ ವಿಷಯಕ್ಕೆ ಬಂದರೆ ನಾವು ಶುದ್ಧಿ ಮಾಡುವುದು ಹೊರಮೈಯನ್ನು ಮಾತ್ರ. ಕೊಳೆ ಕೂತಿರುವುದು ಒಳಗೆ.

ಮಸಿಯನ್ನೇನೋ ಎಲ್ಲರೂ ತೆಗೆಯುತ್ತಾರೆ. ಪುಲ್ ಥ್ರೂ ಅನ್ನುವ, ನಳಿಗೆಯಲ್ಲಿ ಹಾಯಿಸುವ ಹಗ್ಗಕ್ಕೆ ಚಿಂದಿ ಸಿಕ್ಕಿಸಿ ಎಳೆದರೆ ಬಟ್ಟೆ ಕರ‍್ರಗೆ ಬರುತ್ತದೆ. ಇನ್ನೊಂದೆರಡು ಸಲ ಎಳೆದರೆ ಬೆಳ್ಳಗೆ ಬರುತ್ತದೆ. ಸರಿ, ಆಯ್ತು ಅಂತ ಎಣ್ಣೆ ಸವರಿ ಬೀರುವಿಗೆ ಸೇರಿಸುತ್ತಾರೆ. ಮಸಿ ಹೋಗಿರುತ್ತದೆ, ನಿಜ. ಗುಂಡಿನ ಹೊದಿಕೆಯಿಂದ ನಳಿಗೆಗೆ ಮೆತ್ತಿಕೊಂಡ ತಾಮ್ರ ಹಾಗೇ ಇರುತ್ತದೆ. ಒಣ ಬಟ್ಟೆ ಎಷ್ಟು ಉಜ್ಜಿದರೂ ಅದು ಜಗ್ಗುವುದಿಲ್ಲ. ಅದನ್ನು ಕರಗಿಸಿಯೇ ತೆಗೆಯಬೇಕು. ಕರಗಿಸುವ ಕೆಲಸಕ್ಕೆ ಸಮಯ ಕೊಡಬೇಕು, ತೋಳಿನ ಬಲವನ್ನು ಬದಿಗಿಡಬೇಕು. ಈ ಬರಹದಲ್ಲಿ ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇಷ್ಟೇ. ಆದರೆ ಇದರ ಹಿಂದೆ ಎಷ್ಟೊಂದು ಕಥೆ ಇದೆ, ಎಷ್ಟೊಂದು ಕೆಮಿಸ್ಟ್ರಿ ಇದೆ ಅನ್ನುವುದನ್ನು ಹೇಳದೆ ಇರಲು ನನಗೆ ಆಗುವುದಿಲ್ಲ. ನಾನು ಮಂಡ್ಯದ ಒಂದು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುವವನು. ಅಪ್ಪನ ಕಾಲದ ಇಷಾಪುರದ .315 ರೈಫಲ್ ಈಗ ನನ್ನ ಲೈಸೆನ್ಸಿನಲ್ಲಿದೆ. ಪಾಠವೂ ರೈಫಲ್ಲೂ ಒಂದೇ ಕಡೆ ಸೇರುವುದು ಈ ನಳಿಗೆಯಲ್ಲಿ.

ತಾಮ್ರ ಅಲ್ಲಿಗೆ ಬಂದದ್ದು ಹೇಗೆ? ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಾದಾಡಿದ ಕಾಲದಲ್ಲಿ ಈ ತೊಂದರೆಯೇ ಇರಲಿಲ್ಲ. ಕರಿಮದ್ದು, ಸೀಸದ ಗೋಲಿ, ಗುಂಡನ್ನು ತಿರುಗಿಸುವ ಸುರುಳಿ ಗೆರೆಯಿಲ್ಲದ ನುಣುಪು ನಳಿಗೆ. ಕರಿಮದ್ದಿನ ಕೊಳೆ ಬರೀ ನೀರಿಗೇ ಬಿಡುತ್ತದೆ. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಲ್ ಹೊಗೆ ಕಮ್ಮಿ ಇರುವ ಹೊಸ ಮದ್ದು ಮಾಡಿದ. ಅದರ ಕಸುವು ಕರಿಮದ್ದಿಗಿಂತ ಎಷ್ಟೋ ಜಾಸ್ತಿ. ಗುಂಡಿನ ವೇಗ ಒಮ್ಮೆಲೇ ಏರಿತು. ಆ ವೇಗಕ್ಕೆ ಮೆತ್ತನೆಯ ಸೀಸ ತಡೆಯಲಿಲ್ಲ, ನಳಿಗೆಯ ಗೆರೆಗಳ ಹಿಡಿತಕ್ಕೆ ನಿಲ್ಲದೆ ಕಿತ್ತು ಬರತೊಡಗಿತು. ಹೆಚ್ಚು ಕಮ್ಮಿ ಅದೇ ಹೊತ್ತಿಗೆ ಸ್ವಿಟ್ಜರ್ಲೆಂಡಿನ ಎಡ್ವರ್ಡ್ ರುಬಿನ್ ಸೀಸದ ಮೇಲೆ ತಾಮ್ರದ ಹೊದಿಕೆ ಹಾಕುವ ದಾರಿ ಕಂಡುಕೊಂಡಿದ್ದ. ಇವತ್ತಿನ ಹೆಚ್ಚಿನ ರೈಫಲ್ ಗುಂಡುಗಳ ಹೊದಿಕೆ ಗಿಲ್ಡಿಂಗ್ ಮೆಟಲ್ ಅನ್ನುವ ಮಿಶ್ರಲೋಹದ್ದು. ನೂರಕ್ಕೆ 90ರಿಂದ 95 ಭಾಗ ತಾಮ್ರ, ಉಳಿದದ್ದು ಸತು.

ಪೊಲೀಸ್ ಇಲಾಖೆಯ ನಾಗರಿಕ ಬಂದೂಕು ತರಬೇತಿ ಶಿಬಿರಕ್ಕೆ ಹೋದವರಿಗೆ .303 ರೈಫಲ್ ಹೊಸದೇನಲ್ಲ. ಅದನ್ನೇ ತೆಗೆದುಕೊಳ್ಳಿ. ಅದರ ಮಾರ್ಕ್ 7 ಗುಂಡು ನಳಿಗೆ ಬಿಡುವಾಗ ಸೆಕೆಂಡಿಗೆ ಸುಮಾರು 744 ಮೀಟರ್ ವೇಗದಲ್ಲಿರುತ್ತದೆ. ಒಳಗಿನ ಗೆರೆಗಳು 10 ಇಂಚಿಗೆ ಒಂದು ಪೂರ್ತಿ ಸುತ್ತು ಬರುತ್ತವೆ. ಲೆಕ್ಕ ಹಾಕಿ ನೋಡಿ, ಹೊರಬೀಳುವ ಗುಂಡು ಸೆಕೆಂಡಿಗೆ 2900 ಸುತ್ತಿನಷ್ಟು ತಿರುಗುತ್ತಿರುತ್ತದೆ. ನಳಿಗೆಯೊಳಗೆ ಅದನ್ನು ಹಿಂದಿನಿಂದ ತಳ್ಳುವ ಒತ್ತಡ, ಹೆಚ್ಚೆಂದಾಗ, ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು 3000 ಪಟ್ಟು ಇರುತ್ತದೆ. ಗೆರೆಗಳ ಏಣು ಗುಂಡಿನ ಮೈಯನ್ನು ಕಚ್ಚಿ ಹಿಡಿದೇ ತಿರುಗಿಸಬೇಕು. ಇಷ್ಟೆಲ್ಲ ನಡೆಯುವಾಗ ಹೊದಿಕೆಯ ತಾಮ್ರ ಒಂದಿಷ್ಟು ಉಕ್ಕಿಗೆ ಮೆತ್ತಿಕೊಳ್ಳದೆ ಇದ್ದೀತೇ?

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. 12 ಬೋರ್ ಜೋಡುನಳಿಗೆ ಇರುವವರು ಈ ತಾಮ್ರದ ಗೊಡವೆಗೆ ಹೋಗಬೇಕಾಗಿಲ್ಲ. ಅದರಲ್ಲಿ ಗೆರೆಯೂ ಇಲ್ಲ, ತಾಮ್ರದ ಹೊದಿಕೆಯೂ ಇಲ್ಲ. ಎನ್‌ಸಿಸಿ ಮಕ್ಕಳು ಹೊಡೆಯುವ .22ರಲ್ಲೂ ಸಾಮಾನ್ಯವಾಗಿ ಬರೀ ಸೀಸದ ಗುಂಡು. ಅದಕ್ಕೆ ಪುಲ್ ಥ್ರೂ, ಚಿಂದಿ, ಎಣ್ಣೆ ಸಾಕು. ತಾಮ್ರ ತೆಗೆಯುವ ಮದ್ದು ಬೇಕಾಗುವುದು .303, .315, .30-06 ಇಂಥ ದೊಡ್ಡ ರೈಫಲ್ಲುಗಳಿಗೆ.

ಮೆತ್ತಿಕೊಂಡರೆ ಏನಾಯಿತು ಅಂತ ಕೇಳುವವರಿದ್ದಾರೆ. ಸ್ವಲ್ಪ ಮೆತ್ತಿಕೊಂಡರೆ ಏನೂ ಆಗುವುದಿಲ್ಲ. ಉಕ್ಕಿನ ಮೈಯಲ್ಲಿರುವ ಕಣ್ಣಿಗೆ ಕಾಣದ ಒರಟು ಅದರಿಂದ ತುಂಬಿ ನುಣುಪಾಗುವುದೂ ಉಂಟು. ಆದರೆ ತಾಮ್ರದ ಮೇಲೆ ತಾಮ್ರ ಬೇಗ ಕೂರುತ್ತದೆ. ಒಂದು ಪದರ ತಾಮ್ರ, ಅದರ ಮೇಲೆ ಮಸಿ, ಅದರ ಮೇಲೆ ಮತ್ತೆ ತಾಮ್ರ. ಗೆರೆಗಳ ಅಳತೆ ಒಂದೊಂದು ಕಡೆ ಒಂದೊಂದು ಥರ ಆಗುತ್ತದೆ. ಮೊದಲು ಒಂದೇ ಕಡೆ ಗುಂಪಾಗಿ ಬೀಳುತ್ತಿದ್ದ ಗುಂಡುಗಳು ಚದುರಿ ಬೀಳತೊಡಗುತ್ತವೆ. ಹೊಡೆಯುವವನು ತನ್ನ ಕೈಯನ್ನೋ ಕಣ್ಣನ್ನೋ ದೂರುತ್ತಾನೆ.

ನನಗೆ ಇದಕ್ಕಿಂತ ಜಾಸ್ತಿ ಚಿಂತೆ ತುಕ್ಕಿನದು. ಉಕ್ಕು, ತಾಮ್ರ ಎರಡೂ ಒಂದಕ್ಕೊಂದು ಅಂಟಿಕೊಂಡಿದ್ದು, ನಡುವೆ ತೇವ ಸೇರಿದರೆ ಮೊದಲು ಹಾಳಾಗುವುದು ಕಬ್ಬಿಣ. ತಾಮ್ರ ಆರಾಮಾಗಿರುತ್ತದೆ. ಹಳೆಯ .303 ಮಿಲಿಟರಿ ತೋಟಾಗಳದ್ದು ಇನ್ನೊಂದು ಕಾಟ. ಮದ್ದಿಗೆ ಕಿಡಿ ಹೊತ್ತಿಸುವ ಅವುಗಳ ಕ್ಯಾಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಉರಿದ ಮೇಲೆ ಅದು ಪೊಟ್ಯಾಸಿಯಂ ಕ್ಲೋರೈಡ್ ಅನ್ನುವ ಉಪ್ಪಾಗಿ ನಳಿಗೆಯಲ್ಲಿ ಉಳಿಯುತ್ತದೆ. ಉಪ್ಪು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಎಣ್ಣೆಯಲ್ಲಿ ಅದು ಕರಗುವುದಿಲ್ಲ, ನೀರಲ್ಲಿ ಮಾತ್ರ ಕರಗುತ್ತದೆ. ಅದಕ್ಕೇ ಬ್ರಿಟಿಷರ ಕಾಲದ ಸಿಪಾಯಿಗಳು ಹೊಡೆದಾದ ಮೇಲೆ ನಳಿಗೆಗೆ ಕುದಿಯುವ ನೀರು ಸುರಿಯುತ್ತಿದ್ದರು. ಆ ಉಪ್ಪು ತಾಮ್ರದ ಪದರದ ಅಡಿಗೆ ಸಿಕ್ಕಿಕೊಂಡರೆ ನೀರೂ ಅಲ್ಲಿಗೆ ಮುಟ್ಟುವುದಿಲ್ಲ. ನಮ್ಮ ಕಡೆ ಸುತ್ತ ನಾಲೆ, ಗದ್ದೆ. ನಾಲೆಗೆ ನೀರು ಬಿಟ್ಟರೆ, ಮಳೆ ಹಿಡಿದರೆ ಬೀರುವಿನೊಳಗಿನ ಬಟ್ಟೆಯೇ ಮುಗ್ಗಲು ವಾಸನೆ ಹೊಡೆಯುತ್ತದೆ. ಅದೇ ಬೀರುವಿನಲ್ಲಿ ರೈಫಲ್ಲೂ ಇರುತ್ತದೆ ಅಲ್ವಾ?

ತಾಮ್ರ ಇದೆಯೋ ಇಲ್ಲವೋ ಗೊತ್ತಾಗುವುದು ಹೇಗೆ? ಮೊದಲು ಮಸಿಯನ್ನು ಪೂರ್ತಿ ತೆಗೆಯಿರಿ. ಬೋಲ್ಟ್ ಅನ್ನುವ ಹಿಂಬದಿಯ ಅಗುಳಿಯನ್ನು ಹೊರಗೆ ತೆಗೆದು, ತೋಟಾ ಕೂರುವ ಚೇಂಬರ್ ಖಾಲಿ ಇದೆಯೆಂದು ಕಣ್ಣಲ್ಲೂ ನೋಡಿ, ಬೆರಳಲ್ಲೂ ಮುಟ್ಟಿ ಖಾತ್ರಿ ಮಾಡಿಕೊಂಡ ಮೇಲೆ, ನಳಿಗೆಯ ಬಾಯಿಗೆ ಓರೆಯಾಗಿ ಟಾರ್ಚ್ ಹಿಡಿಯಿರಿ. ಬಾಯಿಂದ ಒಂದೆರಡು ಇಂಚು ಒಳಗೆ ಬೂದುಬಣ್ಣದ ಉಕ್ಕಿನ ಮೇಲೆ ಕೆಂಪು ಛಾಯೆಯ ಉದ್ದುದ್ದ ಗೀರುಗಳು ಹೊಳೆದರೆ, ಅದೇ ತಾಮ್ರ. ಗುಂಡು ಅತಿ ವೇಗದಲ್ಲಿರುವುದು ನಳಿಗೆಯ ಈ ತುದಿಯಲ್ಲಿ. ಹಾಗಾಗಿ ಇಲ್ಲಿ ತಾಮ್ರ ಚೆನ್ನಾಗಿ ಕಾಣುತ್ತದೆ. ಮಸಿ ಗಟ್ಟಿಯಾಗಿ ಕೂರುವುದು ಚೇಂಬರಿನ ಮುಂದೆ. ಈಗ ಫೋನಿಗೆ ಜೋಡಿಸುವ ತೆಳು ಕ್ಯಾಮೆರಾಗಳು ಬಂದಿವೆ, ಅದರಲ್ಲಿ ಉದ್ದಕ್ಕೂ ನೋಡಬಹುದು. ಒಮ್ಮೆ ನೋಡಿದವರು ಮತ್ತೆ ಬೆಳ್ಳಗಿನ ಬಟ್ಟೆಯನ್ನು ಅಷ್ಟು ಸುಲಭವಾಗಿ ನಂಬುವುದಿಲ್ಲ.

ತಾಮ್ರ ಅಂದ ಕೂಡಲೇ ನಮ್ಮವರಿಗೆ ನೆನಪಾಗುವುದು ಹುಣಸೆಹಣ್ಣು. ತಾಮ್ರದ ಚೊಂಬನ್ನು ಹುಳಿ ಹಾಕಿ ಬೆಳಗಿದರೆ ಹೊಳೆಯುತ್ತದಲ್ಲ, ನಳಿಗೆಗೂ ನಿಂಬೆರಸವನ್ನೋ ವಿನಿಗರನ್ನೋ ಬಿಟ್ಟರೆ ಆಗದೇ ಎಂದು ನನ್ನನ್ನು ಕೇಳಿದವರಿದ್ದಾರೆ. ದಯವಿಟ್ಟು ಆ ಕೆಲಸ ಮಾಡಬೇಡಿ. ಹುಳಿ ತೆಗೆಯುವುದು ಚೊಂಬಿನ ಮೇಲಿನ ಕಿಲುಬನ್ನು. ಚೊಂಬು ಹಾಗೇ ಉಳಿಯುತ್ತದೆ, ಉಳಿಯಬೇಕು ಕೂಡ. ನಳಿಗೆಯಲ್ಲಿ ನಮಗೆ ಬೇಕಾಗಿರುವುದು ಇದರ ತದ್ವಿರುದ್ಧ. ತಾಮ್ರವೇ ಹೋಗಬೇಕು, ಉಕ್ಕು ಉಳಿಯಬೇಕು. ಹುಳಿ ಮೊದಲು ಕೈಹಾಕುವುದು ಉಕ್ಕಿಗೆ. ರೈಫಲ್ ಹೊರಮೈಯ ಕಪ್ಪುನೀಲಿ ಬಣ್ಣವನ್ನೂ ಅದು ತಿಂದುಹಾಕುತ್ತದೆ.

ತಾಮ್ರಕ್ಕೆ ಕೈಹಾಕಿ ಉಕ್ಕನ್ನು ಬಿಟ್ಟುಬಿಡುವ ಮದ್ದು ಅಮೋನಿಯ. ಸೈನ್ಸ್ ಓದಿದವರೆಲ್ಲ ಲ್ಯಾಬಿನಲ್ಲಿ ಇದನ್ನು ಕಣ್ಣಾರೆ ಕಂಡವರೇ. ಮೈಲುತುತ್ತದ ತಿಳಿನೀಲಿ ನೀರಿಗೆ ಅಮೋನಿಯ ಹನಿ ಹನಿಯಾಗಿ ಬಿಟ್ಟರೆ ಮೊದಲು ಬೆಳ್ಳನೀಲಿ ಮಡ್ಡಿ ಕಾಣುತ್ತದೆ. ಇನ್ನೂ ಬಿಟ್ಟರೆ ಮಡ್ಡಿ ಕರಗಿ ಇಡೀ ಟೆಸ್ಟ್ ಟ್ಯೂಬ್ ಕಡುನೀಲಿಗೆ ತಿರುಗುತ್ತದೆ. ಪ್ರತಿ ವರ್ಷ ಹೊಸ ಮಕ್ಕಳು ಆ ನೀಲಿ ನೋಡಿ ಅರಳುತ್ತಾರೆ, ಅವರ ಜೊತೆ ನಾನೂ ಅರಳುತ್ತೇನೆ. ಒಂದು ತಾಮ್ರದ ಅಯಾನನ್ನು ನಾಲ್ಕು ಅಮೋನಿಯ ಅಣುಗಳು ಸುತ್ತುವರಿದಾಗ ಬರುವ ಬಣ್ಣ ಅದು. ರೈಫಲ್ಲಿನಿಂದ ಹೊರಬರುವ ಬಟ್ಟೆಯ ಮೇಲಿರುವುದೂ ಅದೇ ನೀಲಿ. ಕಬ್ಬಿಣದ ಜೊತೆ ಅಮೋನಿಯ ನೀರಿನಲ್ಲಿ ಹೀಗೆ ಕೂಡಿಕೊಳ್ಳುವುದಿಲ್ಲ. ಉಕ್ಕು ಉಳಿಯುವುದು ಅದಕ್ಕೇ.

ಇದರಲ್ಲಿ ಒಂದು ಸೂಕ್ಷ್ಮ ಇದೆ. ಪಾಠದಲ್ಲಿ ತಾಮ್ರ ಆಗಲೇ ಮೈಲುತುತ್ತವಾಗಿ ನೀರಿನಲ್ಲಿ ಕರಗಿರುತ್ತದೆ. ನಳಿಗೆಯಲ್ಲಿ ಅದು ಇನ್ನೂ ಲೋಹ. ಲೋಹ ಕರಗಬೇಕಾದರೆ ಅಮೋನಿಯ ಒಂದೇ ಸಾಲದು, ಆಕ್ಸಿಜನ್ನೂ ಬೇಕು. ಹಾಗಾಗಿ ನಳಿಗೆಗೆ ಎರಡೂ ಕಡೆ ಬಿರಡೆ ಹಾಕಿ ತುಂಬಿಸಿಟ್ಟರೆ ಕೆಲಸ ನಿಧಾನವಾಗುತ್ತದೆ. ತೆಳುವಾಗಿ ಒದ್ದೆಯಾಗಿರಬೇಕು, ಗಾಳಿಯಾಡುತ್ತಿರಬೇಕು. ಹೊರಗೆ ಬಂದ ಬಟ್ಟೆಯ ನೀಲಿ ಒಂದೆರಡು ನಿಮಿಷದಲ್ಲಿ ಇನ್ನೂ ಗಾಢವಾಗುವುದೂ ಇದೇ ಕಾರಣಕ್ಕೆ. ತಾಮ್ರ ಮೊದಲು ಬಣ್ಣವಿಲ್ಲದ ರೂಪದಲ್ಲಿ ಕರಗಿರುತ್ತದೆ, ಗಾಳಿ ತಾಗಿದ ಮೇಲೆ ನೀಲಿಯಾಗುತ್ತದೆ. ಬಟ್ಟೆ ತಕ್ಷಣ ಬೆಳ್ಳಗೆ ಕಂಡಿತು ಅಂತ ಬಿಸಾಡಬೇಡಿ. ಪಕ್ಕದಲ್ಲಿಟ್ಟು ಸ್ವಲ್ಪ ಹೊತ್ತು ಬಿಟ್ಟು ನೋಡಿ.

ನಮ್ಮ ಬೀದಿಯಲ್ಲಿ ಪೊಲೀಸ್ ಸಶಸ್ತ್ರ ಮೀಸಲು ಪಡೆಯಲ್ಲಿ ಆರ್ಮರರ್ ಆಗಿ, ಅಂದರೆ ಆಯುಧಗಳನ್ನು ನೋಡಿಕೊಂಡು ರಿಪೇರಿ ಮಾಡುವವರಾಗಿದ್ದು, ರಿಟೈರ್ ಆದ ಗೌಡರೊಬ್ಬರು ಇದ್ದಾರೆ. ಕೆಮಿಸ್ಟ್ರಿ ನಾನು ಹೇಳುತ್ತೇನೆ, ಕೈಕೆಲಸ ಅವರದ್ದು. ಅವರ ಜಗಲಿಯಲ್ಲಿ ಇದನ್ನು ನೋಡುವುದೇ ಒಂದು ಪಾಠ. ರೈಫಲ್ಲನ್ನು ಎರಡು ಮರದ ತುಂಡುಗಳ ಮೇಲೆ, ಬಾಯಿ ಕೊಂಚ ತಗ್ಗಾಗಿರುವಂತೆ ಮಲಗಿಸುತ್ತಾರೆ. ಮದ್ದು ಹಿಂದಕ್ಕೆ ಹರಿದು ಬೋಲ್ಟಿನ ಜಾಗಕ್ಕೋ ಮರಕ್ಕೋ ಇಳಿಯಬಾರದು ಅಂತ. ಅಮೋನಿಯ ಮರದ ವಾರ್ನಿಷ್ ಎಬ್ಬಿಸಿಬಿಡುತ್ತದೆ. ಬಾಯಿಯ ಕೆಳಗೊಂದು ಹಳೆ ಟವೆಲ್. ರಾಡ್ ಹಾಕುವುದು ಯಾವಾಗಲೂ ಹಿಂದಿನಿಂದ, ಚೇಂಬರ್ ಕಡೆಯಿಂದ. ಮೊದಲು ಮಸಿ ತೆಗೆಯುವ ಎಣ್ಣೆ, ಒಣ ಬಟ್ಟೆ. ಆಮೇಲೆ ತಾಮ್ರ ಕರಗಿಸುವ ಅಮೋನಿಯದ ಸಾಲ್ವೆಂಟಿನಲ್ಲಿ ನೆನೆಸಿದ ಬಟ್ಟೆಯನ್ನು ಒಂದೇ ಸಮನೆ ಬಾಯಿಯವರೆಗೆ ತಳ್ಳುತ್ತಾರೆ. ಬಟ್ಟೆ ಆಚೆ ಬಿದ್ದ ಮೇಲೆ ರಾಡನ್ನು ನಿಧಾನವಾಗಿ, ಅಂಚಿಗೆ ತಾಗದ ಹಾಗೆ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ನೈಲಾನ್ ಬ್ರಷ್ಷಿನಿಂದ ಒಂದೆರಡು ಸಲ ಸಾಲ್ವೆಂಟ್ ಸವರಿ, ರಾಡ್ ಬದಿಗಿಟ್ಟು ಎಲೆಅಡಿಕೆ ತೆಗೆಯುತ್ತಾರೆ.

ಮದ್ದೂರು ಕಡೆಯ ಒಬ್ಬ ಹುಡುಗ ತನ್ನ ಅಪ್ಪನ ಪರವಾಗಿ ರೈಫಲ್ ತಂದಿದ್ದ. ಅಪ್ಪ ಲೈಸೆನ್ಸ್ ಹಿಡಿದು ಪಕ್ಕದಲ್ಲೇ ಕೂತಿದ್ದರು. ಹುಡುಗ ಒಂದೇ ಉಸಿರಿಗೆ ರಾಡನ್ನು ಹಿಂದೆ ಮುಂದೆ ಆಡಿಸತೊಡಗಿದ. ಗೌಡರು ಅವನ ಕೈ ಹಿಡಿದರು. "ಬುಡ್ಲಾ ಮಗಾ, ಅದ್ಯಾಕ್ ಹಂಗ್ ತಿಕ್ತೀಯಾ? ಮದ್ ಹಾಕಿದ್ದೀವಲ್ಲ, ಅದ್ರ ಪಾಡ್ಗೆ ಅದು ತಿನ್ಲಿ. ನೀನು ಸುಮ್ನೆ ಕೂತ್ಕೊ." ಹುಡುಗ ಕೂತ. ಹತ್ತು ನಿಮಿಷ ಬಿಟ್ಟು ಒಣ ಬಟ್ಟೆ ಹಾಯಿಸಿದರೆ, ಗೆರೆಗಳ ಗುರುತು ಬಟ್ಟೆಯ ಮೇಲೆ ಪಟ್ಟೆ ಪಟ್ಟೆಯಾಗಿ ನೀಲಿಗೆ ಬಿದ್ದಿತ್ತು. ಗೆರೆಯ ತಗ್ಗಿಗೂ ಉಬ್ಬಿಗೂ ಬೇರೆ ಬೇರೆ ಕಡುಪು. ಹುಡುಗ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ.

ಗೌಡರು ಹಾಗೆ ತಡೆದದ್ದಕ್ಕೆ ಕಾರಣ ಇದೆ. ನಳಿಗೆಯ ಬಾಯಿಯ ಅಂಚು ಗುಂಡು ಕೊನೆಯದಾಗಿ ಮುಟ್ಟುವ ಜಾಗ. ಅಲ್ಲಿ ಒಂದು ಪಕ್ಕ ಕೂದಲೆಳೆಯಷ್ಟು ಸವೆದರೂ ಗುಂಡಿನ ಹಿಂದಿರುವ ಮದ್ದಿನ ಅನಿಲ ಒಂದು ಕಡೆಯಿಂದ ಮೊದಲು ಹೊರನುಗ್ಗುತ್ತದೆ, ಗುಂಡು ಓರೆಯಾಗುತ್ತದೆ. ಪುಲ್ ಥ್ರೂ ಹಗ್ಗವನ್ನು ಓರೆಯಾಗಿ ಎಳೆದೂ ಎಳೆದೂ .303ಗಳ ಬಾಯಿ ಸವೆದದ್ದು ಸೈನ್ಯದವರಿಗೆ ಹಳೆಯ ತಲೆನೋವು. ಹಗ್ಗಕ್ಕೆ ಅಂಟಿದ ಮಣ್ಣು, ಮರಳು ಅರದ ಕೆಲಸ ಮಾಡುತ್ತದೆ. ತಾಮ್ರವನ್ನು ಇವತ್ತಲ್ಲದಿದ್ದರೆ ನಾಳೆ ತೆಗೆಯಬಹುದು. ಸವೆದ ಉಕ್ಕನ್ನು ಮತ್ತೆ ಅಂಟಿಸಲು ಬರುವುದಿಲ್ಲ. ಗುಂಡು ಹೊಡೆದು ಹಾಳಾದ ರೈಫಲ್ಲಿಗಿಂತ ತಿಕ್ಕಿ ಹಾಳಾದ ರೈಫಲ್ಲೇ ನಮ್ಮ ಸುತ್ತಮುತ್ತ ಜಾಸ್ತಿ ಅಂತ ಗೌಡರು ಹೇಳುತ್ತಾರೆ. ನನಗೂ ಹಾಗೇ ಅನ್ನಿಸುತ್ತದೆ.

ಹಾಗಂತ ರಾತ್ರಿಯಿಡೀ ನೆನೆಸಿಡಬೇಡಿ. ಆಸ್ಟ್ರೇಲಿಯಾದ ಸ್ವೀಟ್ಸ್ 7.62 ಅನ್ನುವ ಹೆಸರಾಂತ ಸಾಲ್ವೆಂಟಿನಲ್ಲಿ ಅಮೋನಿಯ ನೂರಕ್ಕೆ 5 ಭಾಗ. ಅದನ್ನು ಕಾಲು ಗಂಟೆಗಿಂತ ಹೆಚ್ಚು ಹೊತ್ತು ನಳಿಗೆಯಲ್ಲಿ ಬಿಡಬಾರದು ಎನ್ನುತ್ತಾರೆ. ಕಾಲು ಗಂಟೆಯೊಳಗೆ ಒರೆಸಿ, ಬೇಕಾದರೆ ಹೊಸದಾಗಿ ಹಾಕಿ. ಮಸಿ ಪದರ ಸಿಕ್ಕರೆ ನೀಲಿ ನಿಂತುಹೋಗುತ್ತದೆ. ಆಗ ಮತ್ತೆ ಮಸಿಯ ಎಣ್ಣೆ, ಮತ್ತೆ ತಾಮ್ರದ ಮದ್ದು. ಲ್ಯಾಬಿನ ಲಿಕರ್ ಅಮೋನಿಯವನ್ನು ತಂದು ಸುರಿಯುವ ಯೋಚನೆ ಬೇಡವೇ ಬೇಡ. ಅದು ಇದಕ್ಕಿಂತ ಎಷ್ಟೋ ಪಟ್ಟು ಗಟ್ಟಿ, ಕಣ್ಣು ಮೂಗು ಉರಿದುಹೋಗುತ್ತದೆ. ಜಗಲಿಯಲ್ಲೋ ಕಿಟಕಿ ತೆರೆದ ಕೋಣೆಯಲ್ಲೋ ಮಾಡಿ. ಬ್ಲೀಚಿಂಗ್ ಪೌಡರ್ ಹಾಕಿ ತೊಳೆಯುವ ಬಚ್ಚಲಲ್ಲಿ ಮಾಡಲೇಬೇಡಿ. ಅಮೋನಿಯ ಬ್ಲೀಚಿನ ಜೊತೆ ಸೇರಿದರೆ ವಿಷದ ಗಾಳಿ ಬರುತ್ತದೆ.

ಹಿತ್ತಾಳೆಯ ಬ್ರಷ್ಷು, ಬಟ್ಟೆ ಸಿಕ್ಕಿಸುವ ಹಿತ್ತಾಳೆಯ ತುದಿ ಇದ್ದರೆ ಈ ಹಂತದಲ್ಲಿ ಬದಿಗಿಡಿ. ಹಿತ್ತಾಳೆಯಲ್ಲೂ ತಾಮ್ರವೇ ಇರುವುದು. ನಳಿಗೆ ಪೂರ್ತಿ ಕ್ಲೀನ್ ಆಗಿದ್ದರೂ ಬಟ್ಟೆ ನೀಲಿಯಾಗಿಯೇ ಬರುತ್ತಿರುತ್ತದೆ. ನೈಲಾನ್ ಅಥವಾ ಅಲ್ಯೂಮಿನಿಯಂ ಸರಿ.

ಹಿತ್ತಾಳೆ ಅಂದಾಗ ತೋಟಾದ ಮಾತು ಬರುತ್ತದೆ. ಬ್ರಿಟಿಷರ ಕಾಲದಲ್ಲಿ ಇದೇ ನಮ್ಮ ದೇಶದಲ್ಲಿ ಮಳೆಗಾಲಕ್ಕೆ ಸೈನ್ಯದ ತೋಟಾಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿದ್ದರು. ಮಳೆ ಕಳೆದು ತೆಗೆದು ನೋಡಿದರೆ ಹಿತ್ತಾಳೆಯ ಕೊಳವೆಗಳು ಸೀಳಿರುತ್ತಿದ್ದವು. ಯಾಕೆ ಅಂತ ಬಹಳ ಕಾಲ ಗೊತ್ತಾಗಲಿಲ್ಲ. ಕುದುರೆ ಉಚ್ಚೆಯಿಂದ ಏಳುವ ಅಮೋನಿಯ, ಕೊಳವೆ ಎಳೆಯುವಾಗ ಹಿತ್ತಾಳೆಯೊಳಗೆ ಉಳಿದ ಬಿಗಿತ, ಎರಡೂ ಸೇರಿ ಲೋಹವನ್ನು ಒಡೆಯುತ್ತವೆ ಅನ್ನುವುದು 1921ರಲ್ಲಿ ಸ್ಪಷ್ಟವಾಯಿತು. ತಾಮ್ರ ತೆಗೆಯುವ ಬಾಟಲಿಯನ್ನು ತೋಟಾ ಇಟ್ಟ ಪೆಟ್ಟಿಗೆಯಲ್ಲಿ ಇಡಬಾರದು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ತಾಮ್ರದ ಜೊತೆ ಸೈನ್ಯಗಳು ಗುದ್ದಾಡಿದ ಕಥೆ ಇನ್ನೂ ಇದೆ. ಇಪ್ಪತ್ತನೇ ಶತಮಾನದ ಮೊದಲಲ್ಲಿ ಗುಂಡಿನ ಹೊದಿಕೆ ತಾಮ್ರ ಮತ್ತು ನಿಕಲ್ ಸೇರಿದ ಲೋಹದ್ದಾಗಿತ್ತು. ಅದು ಗಂಟು ಗಂಟಾಗಿ ಮೆತ್ತಿಕೊಳ್ಳುತ್ತಿತ್ತು. ಅಮೆರಿಕದ ಸೈನ್ಯದವರು ಚೇಂಬರಿಗೆ ರಬ್ಬರ್ ಬಿರಡೆ ಹಾಕಿ, ಅಮೋನಿಯಕ್ಕೆ ಅಮೋನಿಯಂ ಪರ್ಸಲ್ಫೇಟ್ ಬೆರೆಸಿ ನಳಿಗೆಗೆ ತುಂಬಿಸಿ, ಅರ್ಧ ಗಂಟೆ ಬಿಟ್ಟು ಸುರಿಯುತ್ತಿದ್ದರು. ಮುಚ್ಚಿದ ನಳಿಗೆಯಲ್ಲಿ ಗಾಳಿ ಮಾಡಬೇಕಾದ ಕೆಲಸವನ್ನು ಪರ್ಸಲ್ಫೇಟ್ ಮಾಡುತ್ತಿತ್ತು. ಫಿರಂಗಿಯವರದ್ದು ಇನ್ನೂ ಚೆಂದದ ಉಪಾಯ. ಮದ್ದಿನ ಜೊತೆಗೇ ಸ್ವಲ್ಪ ತವರವನ್ನೋ ಸೀಸವನ್ನೋ ಇಡುವುದು. ಉರಿಯುವಾಗ ಅದು ತಾಮ್ರದ ಜೊತೆ ಸೇರಿ ಪುಡಿಯಾಗುವಂಥ ಮಿಶ್ರಲೋಹವಾಗುತ್ತದೆ, ಮುಂದಿನ ಗುಂಡು ಅದನ್ನು ಗುಡಿಸಿಕೊಂಡು ಹೋಗುತ್ತದೆ. ಈಗ ಬಿಸ್ಮತ್ ಬೆರೆಸಿದ ರೈಫಲ್ ಮದ್ದುಗಳೂ ಇವೆ. ನಮ್ಮ ಕೈಗೆ ಬರುವ ತೋಟಾದಲ್ಲಿ ಏನಿದೆಯೋ ಅದನ್ನೇ ಹೊಡೆಯಬೇಕಾದ ನಮಗೆ ಬಟ್ಟೆ, ಬಾಟಲಿ, ತಾಳ್ಮೆಯೇ ದಾರಿ.

ಎಷ್ಟು ತೆಗೆದರೆ ಸಾಕು ಅನ್ನುವುದರಲ್ಲಿ ಗೌಡರಿಗೂ ನನಗೂ ಒಮ್ಮತ ಇಲ್ಲ. ಅವರು ಇಲಾಖೆಯ ಇನ್ಸ್‌ಪೆಕ್ಷನ್ನಿಗೆ ರೈಫಲ್ ಇಟ್ಟು ಬೆಳೆದವರು. ಕೊನೆಯ ನೀಲಿ ಹೋಗುವವರೆಗೂ ಬಿಡುವುದಿಲ್ಲ. ಆದರೆ ಅವರೇ ಇನ್ನೊಂದು ಮಾತು ಹೇಳುತ್ತಾರೆ: "ತೊಳ್ದಿರೋ ರೈಫಲ್ಲಿನ ಮೊದಲ್ನೇ ಈಡ್ನ ಲೆಕ್ಕಕ್ ತಗೋಬ್ಯಾಡಿ ಮೇಷ್ಟ್ರೇ." ನಿಜ. ಬರೀ ಉಕ್ಕಿನಲ್ಲಿ ಹೋಗುವ ಮೊದಲ ಗುಂಡುಗಳು ಬೇರೆ ಕಡೆ ಬೀಳುತ್ತವೆ. ನಳಿಗೆ ತನಗೆ ಬೇಕಾದಷ್ಟು ತಾಮ್ರ ಹಚ್ಚಿಕೊಂಡ ಮೇಲೆ ಗುಂಪು ಕೂಡಿಕೊಳ್ಳುತ್ತದೆ. ಸ್ಪರ್ಧೆಗೆ ಹೋಗುವವರು ಅದಕ್ಕೆಂದೇ ಮೊದಲು ಕೆಲವು ಗುಂಡು ಹೊಡೆಯುತ್ತಾರೆ. ನಮ್ಮಂಥ ಲೈಸೆನ್ಸುದಾರರಿಗೆ ವರ್ಷಕ್ಕೆ ಇಷ್ಟೇ ತೋಟಾ ಅಂತ ಮಿತಿ ಇರುತ್ತದೆ. ಅದರಲ್ಲಿ ನಳಿಗೆ ಪಳಗಿಸಲು ಎಲ್ಲಿಂದ ತರುವುದು? ಹಾಗಾಗಿ ನನ್ನ ಕ್ರಮ ಬೇರೆ. ರೇಂಜಿಗೆ ಹೋಗುವ ಮೊದಲು ತಾಮ್ರ ಮುಟ್ಟುವುದಿಲ್ಲ, ಎಣ್ಣೆ ಮಾತ್ರ ಒರೆಸುತ್ತೇನೆ. ಗುಂಪು ಚದುರಿದರೆ ಅಥವಾ ರೈಫಲ್ ಬಹಳ ದಿನ ಸುಮ್ಮನೆ ಇರುವುದಿದ್ದರೆ ಆಗ ತೆಗೆಯುತ್ತೇನೆ. ಬಟ್ಟೆ ತಿಳಿನೀಲಿಗೆ ಬಂದರೆ ನನಗೆ ಸಾಕು. ಗೌಡರು ತಲೆ ಅಲ್ಲಾಡಿಸುತ್ತಾರೆ.

ಬಹಳ ದಿನ ಸುಮ್ಮನೆ ಇರುವುದು ಅಂದರೆ ನಮ್ಮಲ್ಲಿ ಚುನಾವಣೆ. ನೀತಿಸಂಹಿತೆ ಬಂತೆಂದರೆ ರೈಫಲ್ಲನ್ನು ಠಾಣೆಗೆ ಜಮಾ ಮಾಡಬೇಕು. ವಾಪಸ್ ಬರುವವರೆಗೆ ಅದಕ್ಕೆ ಬಟ್ಟೆ ಹಾಯಿಸುವವರು ಯಾರೂ ಇಲ್ಲ. ಹಾಗಾಗಿ ಆದೇಶ ಬಂದ ದಿನವೇ ನಾನು ಬಾಟಲಿ ತೆಗೆಯುತ್ತೇನೆ. ತಾಮ್ರ ತೆಗೆದು, ಅಮೋನಿಯದ ಅಂಶ ಒಂದಿಷ್ಟೂ ಉಳಿಯದ ಹಾಗೆ ಮಸಿಯ ಎಣ್ಣೆಯಿಂದ ಎರಡು ಸಲ ಒರೆಸಿ, ಒಣ ಬಟ್ಟೆ ಬೆಳ್ಳಗೆ ಬರುವವರೆಗೆ ಹಾಯಿಸಿ, ಆಮೇಲೆ ಬಂದೂಕಿನ ಎಣ್ಣೆ ಸವರಿ ಕೊಡುತ್ತೇನೆ. ಸಾಲ್ವೆಂಟಿನಲ್ಲಿ ನೀರೂ ಇರುತ್ತದೆ, ಅದು ಗೆರೆಗಳ ಸಂದಿಯಲ್ಲಿ ಉಳಿದರೆ ತಾಮ್ರ ತೆಗೆದೂ ಪ್ರಯೋಜನ ಇಲ್ಲ. ಬಾಯಿಗೆ ಬಟ್ಟೆ ತುರುಕಿ ಕೊಡಬೇಡಿ, ಅದು ತೇವ ಹಿಡಿದಿಡುತ್ತದೆ, ಮರೆತು ಯಾರಾದರೂ ಹೊಡೆದರೆ ನಳಿಗೆಯೇ ಉಬ್ಬಿ ಸೀಳೀತು. ವಾಪಸ್ ತಂದ ಮೇಲೆ ಮೊದಲು ಒಣ ಬಟ್ಟೆ ಹಾಯಿಸಿ ಅದರ ಬಣ್ಣ ನೋಡಿ. ಕಂದು ಬಂದರೆ ತುಕ್ಕು ಶುರುವಾಗಿದೆ, ಅವತ್ತೇ ಎಣ್ಣೆಯಲ್ಲಿ ನೆನೆಸಿದ ಬಟ್ಟೆ ಹಾಯಿಸಿ. ಬೆಳ್ಳಗೆ ಬಂದರೆ ಚೇಂಬರಿನ ಎಣ್ಣೆಯನ್ನೂ ಚೆನ್ನಾಗಿ ಒರೆಸಿ. ಎಣ್ಣೆ ಉಳಿದ ಚೇಂಬರಿನಲ್ಲಿ ತೋಟಾ ಗೋಡೆಯನ್ನು ಹಿಡಿಯದೆ ಬೋಲ್ಟಿನ ಮೇಲೆ ಜಾಸ್ತಿ ಒತ್ತುತ್ತದೆ.